ಸೋತವರ ಅಡುಗೆ

ಒಬ್ಬಳಿಗೋಸ್ಕರ ರೊಟ್ಟಿ ಬಡಿಯುವುದು ಬಹಳ ಬೇಸರದ ಕೆಲಸ. ನೀರು ಕುದಿಸಿ, ಹಿಟ್ಟು ನಾದಿ, ಹಂಚು ಕಾಯಿಸಿ, ಅಡುಗೆಮನೆ ತುಂಬ ಹಿಟ್ಟು ಹಾರಿಸಿ, ಕೊನೆಗೆ ಎರಡೇ ರೊಟ್ಟಿಗೆ ಕೈ ತೊಳೆಯುವುದೆಂದರೆ ಮದುವೆಗೆ ಪೆಂಡಾಲು ಹಾಕಿಸಿ ಒಬ್ಬರೇ ಉಂಡು ಎದ್ದಂತೆ. ಅದಕ್ಕೇ ಮಾದಾಪುರದಲ್ಲಿದ್ದ ವರ್ಷಗಳಲ್ಲಿ ನಾನು ವಾರದ ಐದು ದಿನ ಆಫೀಸಿನ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದೆ. ಭಾನುವಾರ ಅನ್ನಕ್ಕೆ ಮೊಸರು ಕಲಸಿಕೊಂಡು ಮುಗಿಸುತ್ತಿದ್ದೆ. ಅದರಲ್ಲಿ ಒಂದು ಏಳೆಂಟು ತಿಂಗಳು, ಶನಿವಾರ ಮಾತ್ರ ಬೆಳಿಗ್ಗೆ ಎದ್ದು ಹದಿನೈದು ರೊಟ್ಟಿ ಬಡಿಯುತ್ತಿದ್ದೆ. ಕಾರಣ ಇಷ್ಟೇ, ಆಗ ಪೋಕರ್ ಆಟದಲ್ಲಿ ನಾನು ಪ್ರತಿ ವಾರ ತಪ್ಪದೆ ಸೋಲುತ್ತಿದ್ದೆ.

ಆಗಿನ್ನೂ ಆ ಕಡೆ ಮೆಟ್ರೋ ಬಂದಿರಲಿಲ್ಲ. ಎಲ್ಲಿ ನೋಡಿದರೂ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮ ಆಫೀಸಿನಲ್ಲಿ ಇವತ್ತು ಪಕ್ಕದಲ್ಲಿ ಕೂತವರು ನಾಳೆ ಬೇರೆ ಕಂಪನಿಯಲ್ಲಿರುತ್ತಿದ್ದರು, ಅವರ ಕುರ್ಚಿಗೆ ಇನ್ನೊಬ್ಬರು ಬಂದಿರುತ್ತಿದ್ದರು. ನನ್ನ ಕೆಲಸ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದು. ಯಾರೂ ಓದುವುದಿಲ್ಲ ಅಂತ ಗೊತ್ತಿದ್ದೂ ಕಾಮಾ ಸಹ ತಪ್ಪದ ಹಾಗೆ ಬರೆಯುತ್ತಿದ್ದೆ. ವಯಸ್ಸು ಮೂವತ್ತೆಂಟು. ತಂಡದಲ್ಲಿದ್ದವರೆಲ್ಲ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಹೇಳಿಕೊಳ್ಳುವಂಥ ಕತೆಯೂ ಇರಲಿಲ್ಲ, ಅದೊಂದು ಇದ್ದಿದ್ದರೆ ಜನರ ಬಾಯಿ ಬೇಗ ಮುಚ್ಚಿಸಬಹುದಿತ್ತು.

ನಾನು ಹುಟ್ಟಿ ಬೆಳೆದದ್ದು ಇದೇ ತೆಲುಗು ನಗರದ ಇನ್ನೊಂದು ಮೂಲೆ ಬಾಲಾನಗರದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ನಿವೃತ್ತರಾದಾಗ ಆ ಮನೆ ಬಿಟ್ಟುಕೊಟ್ಟೆವು. ಅಪ್ಪ ತೀರಿಕೊಂಡ ಮೇಲೆ ಅವ್ವ ರಾಯಚೂರಿಗೆ ಅಣ್ಣನ ಮನೆಗೆ ಹೋಗಿ, ಮೊಮ್ಮಕ್ಕಳ ಗದ್ದಲದಲ್ಲಿ ಸುಖವಾಗಿದ್ದಳು. ನಾನು ನೌಕರಿ ಹಿಡಿದುಕೊಂಡು ಇಲ್ಲೇ ಉಳಿದೆ. ಪರ ಊರಲ್ಲಿ ಒಂಟಿಯಾದರೆ ಊರಿನ ಮೇಲೆ ತಪ್ಪು ಹೊರಿಸಬಹುದು. ಹುಟ್ಟಿದ ಊರಲ್ಲೇ ಒಂಟಿಯಾದರೆ ಯಾರನ್ನು ಬೈಯುವುದು? ಬೇಸರವಾದಾಗ ಬಸ್ಸು ಹತ್ತಿ ಕೋಠಿ ಪೇಟೆಗೆ ಹೋಗುತ್ತಿದ್ದೆ. ಹಳೆ ಪುಸ್ತಕದ ಸಾಲಿನಲ್ಲಿ ಎರಡು ತಾಸು ನಿಂತು, ಜನರ ಭುಜ ತಾಕಿಸಿಕೊಂಡು ವಾಪಸು ಬರುತ್ತಿದ್ದೆ. ಪುಸ್ತಕಕ್ಕಿಂತ ಆ ನೂಕುನುಗ್ಗಲೇ ನನಗೆ ಬೇಕಾಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಶನಿವಾರದ ಆಟಕ್ಕೆ ನನ್ನನ್ನು ಕರೆದವನು ನಮ್ಮ ತಂಡದಲ್ಲೇ ಇದ್ದ ಲಿಂಗಸೂರಿನ ಕಡೆಯವನು. ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಒಂದು ದಿನ ಅವನ ಕಿವಿಗೆ ಬಿತ್ತು.

"ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ? ಇಷ್ಟ ದಿನ ನಾ ನಿಮ್ಮ ಜೋಡಿ ಇಂಗ್ಲಿಷಿನ್ಯಾಗ ಒದ್ದಾಡಾಕತ್ತಿದ್ನೆಲ್ರಿ," ಅಂದ. ಆಮೇಲೆ, "ಇಸ್ಪೀಟ್ ಎಲಿ ಆಡಾಕ ಬರ್ತೈತೇನ್ರಿ?" ಅಂತ ಕೇಳಿದ.

"ಮೂರೆಲಿ ಬರ್ತೈತಪಾ," ಅಂದೆ.

"ಮೂರೆಲಿ ಬಂದ್ರ ಪೋಕರೂ ಬಂದಂಗ ಬಿಡ್ರಿ. ನಮಗ ನಾಲ್ಕನೇ ಕೈ ಬೇಕಾಗೈತಿ."

ಅವನ ಫ್ಲ್ಯಾಟು ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಅವನು, ಅವನ ಜೊತೆ ಇದ್ದ ವರಂಗಲ್ಲಿನ ಇಂಜಿನಿಯರು, ಮತ್ತು ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದ ಒರಿಸ್ಸಾದ ಒಬ್ಬಳು ಹುಡುಗಿ, ಹೀಗೆ ಮೂವರು ಶನಿವಾರ ಮಧ್ಯಾಹ್ನ ಸೇರುತ್ತಿದ್ದರು. ವರಂಗಲ್ಲಿನವನು ಮತ್ತು ಆ ಹುಡುಗಿ ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು, ನನ್ನನ್ನು ಮೇಡಂ ಅನ್ನುತ್ತಿದ್ದರು. ಆಟಕ್ಕೆ ದುಡ್ಡು ಇಲ್ಲ. ಪ್ರತಿಯೊಬ್ಬರಿಗೂ ಒಂದೇ ಲೆಕ್ಕದ ಪ್ಲಾಸ್ಟಿಕ್ ಬಿಲ್ಲೆ. ಸಂಜೆ ಯಾರ ಹತ್ತಿರ ಎಲ್ಲರಿಗಿಂತ ಕಡಿಮೆ ಬಿಲ್ಲೆ ಉಳಿಯುತ್ತದೋ ಅವರು ಮುಂದಿನ ಶನಿವಾರ ನಾಲ್ಕೂ ಜನಕ್ಕೆ ಊಟ ತರಬೇಕು. ಇದೊಂದೇ ಕಾಯಿದೆ.

ಮೊದಲನೇ ದಿನವೇ ಮಾನ ಹೋಯಿತು. ಪೋಕರಿನಲ್ಲಿ ಕೈಗೆ ಎರಡು ಎಲೆ ಹಾಕುತ್ತಾರೆ, ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಮೊದಲು ಮೂರು, ಆಮೇಲೆ ಒಂದೊಂದಾಗಿ ತೆರೆಯುತ್ತಾರೆ. ಕೈಯಲ್ಲಿದ್ದುದನ್ನು ನಡುವಿನವುಗಳ ಜೊತೆ ಕೂಡಿಸಿ ಯಾರದು ದೊಡ್ಡದು ಅಂತ ನೋಡುವುದು. ನಡುನಡುವೆ ಬಿಲ್ಲೆ ಕಟ್ಟುವುದು, ಬೇರೆಯವರು ಕಟ್ಟಿದ್ದಕ್ಕೆ ಸರಿಗಟ್ಟುವುದು, ಇಲ್ಲವೇ ಎಲೆ ಬಿಟ್ಟು ಹಿಂದೆ ಸರಿಯುವುದು. ಇಷ್ಟು ಅರ್ಥವಾಯಿತು. ನನ್ನ ಕೈಯಲ್ಲಿ ಒಂಬತ್ತರ ಜೋಡಿ ಇತ್ತು, ನಡುವೆ ಒಬ್ಬ ರಾಜ ಬಿದ್ದಿದ್ದ. ಎಲೆ ತೀರಾ ಕೆಟ್ಟದ್ದಲ್ಲ, ತೀರಾ ಒಳ್ಳೆಯದೂ ಅಲ್ಲ. ವರಂಗಲ್ಲಿನವನು ಬಿಲ್ಲೆ ಕಟ್ಟಿದ. ನಾನು ಯೋಚನೆಯನ್ನೇ ಮಾಡದೆ ನನ್ನ ಎಲೆ ಎರಡನ್ನೂ ಅವನ ಕಡೆ ಸರಿಸಿ "ಸೈಡ್ ಶೋ" ಅಂದೆ.

ಮೂವರೂ ನಕ್ಕುಬಿಟ್ಟರು. "ಮೇಡಂ, ಇದರಲ್ಲಿ ಅದೆಲ್ಲ ಇಲ್ಲ," ಅಂದ ವರಂಗಲ್ಲಿನವನು, ಎಲೆಗಳನ್ನು ಮರ್ಯಾದೆಯಿಂದ ಹಿಂದಕ್ಕೆ ಸರಿಸುತ್ತ. ಆದರೆ ನೋಡುವಷ್ಟು ನೋಡಿಬಿಟ್ಟಿದ್ದ.

ಮೂರೆಲೆ, ಅಂದರೆ ತೀನ್ ಪತ್ತಿ, ಆಡಿದವರಿಗೆ ಇದು ಗೊತ್ತಿರುತ್ತದೆ. ಕೈಯಲ್ಲಿ ನಡುಮಟ್ಟದ ಎಲೆ ಬಂದು, ಇರಬೇಕೋ ಬಿಡಬೇಕೋ ತಿಳಿಯದಾದಾಗ, ನಿಮ್ಮ ಮುಂಚೆ ಕಟ್ಟಿದವರನ್ನು ಸೈಡ್ ಶೋ ಕೇಳಬಹುದು. ಅವರು ಒಪ್ಪಿದರೆ ಇಬ್ಬರೂ ಗುಟ್ಟಾಗಿ ಎಲೆ ಹೋಲಿಸಿ, ಸಣ್ಣದಿದ್ದವರು ಎಲೆ ಬಿಡುತ್ತಾರೆ. ಉಳಿದವರಿಗೆ ಏನೂ ತಿಳಿಯುವುದಿಲ್ಲ. ಬಾಲಾನಗರದಲ್ಲಿ ದೀಪಾವಳಿಯ ಮೂರು ದಿನ ಅಕ್ಕಪಕ್ಕದ ಮನೆಗಳವರು ನಮ್ಮ ಪಡಸಾಲೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಆಡುತ್ತಿದ್ದರು. ಅಪ್ಪ ಯಾವಾಗಲೂ ನನ್ನ ಹಿಂದಿನ ಸರದಿಯಲ್ಲಿ ಕೂರುತ್ತಿದ್ದರು. ನಾನು ಸೈಡ್ ಶೋ ಕೇಳುತ್ತಿದ್ದದ್ದು ಅವರನ್ನೇ. ಅವರು ನನ್ನ ಎಲೆ ಇಸಿದುಕೊಂಡು, ಕನ್ನಡಕ ಮೇಲೆ ಮಾಡಿ ನೋಡಿ, "ನಿಂದ ದೊಡ್ಡದ ಐತಿ," ಅಂತ ತಮ್ಮ ಎಲೆಯನ್ನು ಕಟ್ಟಿನೊಳಗೆ ಸೇರಿಸಿಬಿಡುತ್ತಿದ್ದರು. ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಒಂದು ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಇಡುವವರು. ಅಂಥವರು ದೊಡ್ಡದು ಅಂದರೆ ದೊಡ್ಡದೇ ಅಂತ ನಾನು ನಂಬಿದ್ದೆ.

ಆ ನಂಬಿಕೆ ಇಟ್ಟುಕೊಂಡೇ ನಾನು ಮಾದಾಪುರದಲ್ಲಿ ಪೋಕರಿಗೆ ಕೂತದ್ದು. ಕೈಗೆ ಏಳರ ಜೋಡಿ ಬಂದರೂ ಕಟ್ಟುತ್ತಿದ್ದೆ, ಒಂಬತ್ತರ ಜೋಡಿ ಬಂದರೆ ಇನ್ನೂ ಜೋರಾಗಿ ಕಟ್ಟುತ್ತಿದ್ದೆ. ನಡುವೆ ರಾಜ ರಾಣಿ ಬಿದ್ದಿದ್ದರೂ ನನಗೆ ಲೆಕ್ಕವಿಲ್ಲ. ಒಬ್ಬರೋ ಇಬ್ಬರೋ ಎಲೆ ಬಿಡುತ್ತಿದ್ದರು, ಮೂರನೆಯವರು ಸರಿಗಟ್ಟಿ ಕೊನೆಗೆ ರಾಜನ ಜೋಡಿ ತೋರಿಸುತ್ತಿದ್ದರು. ಸಂಜೆ ಹೊತ್ತಿಗೆ ನನ್ನ ಮುಂದೆ ನಾಲ್ಕೋ ಐದೋ ಬಿಲ್ಲೆ. ಮುಂದಿನ ವಾರದ ಊಟ ನನ್ನದು.

ಮೊದಲ ಸಲ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಅಂದರೆ ಕಡಲೆಕಾಯಿ ಚಟ್ನಿಪುಡಿ, ಮಾಡಿಕೊಂಡು ಹೋದೆ. ವರಂಗಲ್ಲಿನವನು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಎರಡನೇ ವಾರದಿಂದ ಅವನಿಗೆ ನಾಲ್ಕು ಬೇಕಾದವು. ಒರಿಸ್ಸಾದ ಹುಡುಗಿ ಹಿಂಡಿಯ ಡಬ್ಬಿಯನ್ನು ಬೆರಳಿನಿಂದ ಸವರಿ ಸವರಿ ತಿನ್ನುತ್ತಿದ್ದಳು. ಅವಳಿಗೆ ಖಾರ ತಡೆಯುತ್ತಿರಲಿಲ್ಲ. ಮೂಗು ಸೋರುತ್ತಿದ್ದರೂ ಬಿಡುತ್ತಿರಲಿಲ್ಲ. ಲಿಂಗಸೂರಿನವನು ಮಾತಾಡದೆ ಉಂಡು, ಕೊನೆಗೆ ಮೊಸರಿನ ಬಟ್ಟಲನ್ನು ಬಳಿದು, "ಅಕ್ಕಾರ, ಮನಿ ನೆನಪಾತ್ರಿ," ಅನ್ನುತ್ತಿದ್ದ.

ಶುಕ್ರವಾರ ಆಫೀಸಿನಿಂದ ಬರುವಾಗ ರೈತು ಬಜಾರಿಗೆ ಇಳಿದು ಬದನೆಕಾಯಿ ಆರಿಸುತ್ತಿದ್ದೆ, ಎಳೆಯವು, ಮುಳ್ಳಿನ ತೊಟ್ಟಿನವು. ತರಕಾರಿಯವಳು "ಇಂಟ್ಲೋ ಚಾಲಾ ಮಂದಿ ಉನ್ನಾರಾ ಅಮ್ಮಾ?" ಅಂತ ಕೇಳುತ್ತಿದ್ದಳು, ಮನೆಯಲ್ಲಿ ಬಹಳ ಜನರಾ ಅಂತ. ಹೌದು ಅನ್ನುತ್ತಿದ್ದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ. ವಾರವಿಡೀ ನಾನು ಮುಂದಿನ ಶನಿವಾರಕ್ಕೆ ಏನು ಮಾಡಲಿ ಅಂತಲೇ ಯೋಚಿಸುತ್ತಿದ್ದೆ. ಅವ್ವನಿಗೆ ಫೋನು ಮಾಡಿ ಪುಂಡಿ ಸೊಪ್ಪಿನ ಪಲ್ಲೆಗೆ ನುಚ್ಚು ಎಷ್ಟು ಹಾಕಬೇಕು ಅಂತ ಕೇಳುತ್ತಿದ್ದೆ. ಆ ಏಳೆಂಟು ತಿಂಗಳು ನಾನು ಸುಖವಾಗಿದ್ದೆ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಆಗ ನನಗದು ಗೊತ್ತಿರಲಿಲ್ಲ. ನಾನು ಸೋಲುತ್ತಿದ್ದೇನೆ ಅಂತ ಮಾತ್ರ ಗೊತ್ತಿತ್ತು, ಮತ್ತು ಸೋಲು ನನಗೆ ಸೇರುತ್ತಿರಲಿಲ್ಲ. ಕಾಮಾ ತಪ್ಪಿದರೆ ನಿದ್ದೆಗೆಡುವ ಜಾತಿ ನಮ್ಮದು.

ಒಂದು ದಿನ ಆಫೀಸಿನಲ್ಲಿ ಚಹಾ ಕುಡಿಯುವಾಗ ಲಿಂಗಸೂರಿನವನು ತಾನಾಗಿಯೇ ವಿಷಯ ತೆಗೆದ.

"ಅಕ್ಕಾರ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈಯಾಗ ನಡುಮಟ್ಟದ ಎಲಿ ಐತಿ ಅಂತ ತಿಳ್ಕೋರಿ. ನೀವು ಜೋರ್ ಕಟ್ಟಿದ್ರಿ. ನಿಮಗಿಂತ ಸಣ್ಣ ಎಲಿ ಇದ್ದವ್ರು ಏನ್ ಮಾಡ್ತಾರ?"

"ಬಿಟ್ಟು ಹೋಗ್ತಾರ."

"ನಿಮಗಿಂತ ದೊಡ್ಡದು ಇದ್ದವ್ರು?"

"ನಿಲ್ತಾರ."

"ಹಂಗಾದ್ರ ಕಟ್ಟಿ ಏನ್ ಸಿಕ್ತರಿ? ನೀವು ಸೋಲಿಸಬಹುದಾದವ್ರನ್ನೆಲ್ಲಾ ನೀವ ಓಡಿಸಿದ್ರಿ. ನಿಮ್ಮನ್ನ ಸೋಲಿಸೋರನ್ನಷ್ಟ ಕರದು ಕುಂದರಿಸಿದ್ರಿ."

ಇಷ್ಟು ಸರಳವಾದ ಮಾತು ಮೂವತ್ತೆಂಟು ವರ್ಷಕ್ಕೆ ನನಗೆ ಯಾರೂ ಹೇಳಿರಲಿಲ್ಲ. ಅವನು ಮುಂದುವರಿಸಿದ. ಅಂಥ ಎಲೆ ಬಂದಾಗ ಚೆಕ್ ಅನ್ನಬೇಕು, ಅಂದರೆ ಏನೂ ಕಟ್ಟದೆ ಸುಮ್ಮನೆ ಸರದಿಯನ್ನು ಮುಂದಿನವರಿಗೆ ಬಿಡಬೇಕು. ಕೈಯಲ್ಲಿ ಏನೂ ಇಲ್ಲದವನು ಆಗ ಸುಳ್ಳು ಧೈರ್ಯ ಮಾಡಿ ಕಟ್ಟುತ್ತಾನೆ, ಅವನಿಗೆ ಸರಿಗಟ್ಟಬೇಕು. ಯಾರೂ ಕಟ್ಟದಿದ್ದರೆ ಇನ್ನೂ ಒಳ್ಳೆಯದು, ಪುಕ್ಕಟೆ ಕೊನೆಯವರೆಗೂ ಹೋಗಿ ಎಲೆ ತೋರಿಸಬಹುದು. ಜೋರು ಕಟ್ಟುವುದು ನಿಜವಾಗಿ ದೊಡ್ಡ ಎಲೆ ಬಂದಾಗ ಮಾತ್ರ.

ಅವತ್ತು ಸಂಜೆ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, "ಅಪ್ಪ ಇದ್ದಾಗ ಅಂಥಾವ ಎಲಿ ಇಟ್ಕೊಂಡು ನಾ ಎಷ್ಟ್ ಗೆಲ್ತಿದ್ದೆ. ಇಲ್ಲಿ ನಡಿಯಂಗಿಲ್ಲಂತ," ಅಂದೆ.

ಅವ್ವ ನಕ್ಕಳು. "ನಿಮ್ಮಪ್ಪನ ಎಲಿ ನೀ ಯಾವತ್ತರ ನೋಡೀಯೇನ? ನಾ ಅವರ ಹಿಂದ ಕುಂತು ನೋಡ್ತಿದ್ದೆ. ಒಮ್ಮೆ ಮೂರು ಎಕ್ಕಾ ಕಟ್ಟಿನ್ಯಾಗ ಸೇರಿಸಿಬಿಟ್ರು ಪುಣ್ಯಾತ್ಮರು, ನಿನ್ನ ಕೈಯಾಗ ಬರೇ ನಾಲ್ಕರ ಜೋಡಿ ಇತ್ತು."

ಮೂರು ಎಕ್ಕಾ ಅಂದರೆ ಆ ಆಟದಲ್ಲಿ ಅದಕ್ಕಿಂತ ದೊಡ್ಡ ಎಲೆಯೇ ಇಲ್ಲ. ನನಗೆ ಕಣ್ಣೀರು ಬರಬೇಕಿತ್ತೇನೋ. ಬಂದದ್ದು ಸಿಟ್ಟು. ತಪಾಸಣೆಯ ಮನುಷ್ಯ ಮಗಳ ಎಲೆಯನ್ನು ಮಾತ್ರ ಸರಿಯಾಗಿ ತಪಾಸಣೆ ಮಾಡಲಿಲ್ಲವಲ್ಲ, ನನ್ನದು ಎಷ್ಟರದು ಅಂತ ಆಗಲೇ ಹೇಳಿದ್ದರೆ ಈಗ ಈ ಮಕ್ಕಳ ಮುಂದೆ ನಗೆಪಾಟಲಾಗುತ್ತಿರಲಿಲ್ಲವಲ್ಲ ಅಂತ ಆ ವಾರವೆಲ್ಲ ಒಳಗೊಳಗೇ ಜಗಳ ಮಾಡಿದೆ. ಇಲ್ಲದವರ ಜೊತೆ ಜಗಳಕ್ಕೆ ಕೊನೆಯೂ ಇರುವುದಿಲ್ಲ.

ಆ ಸಿಟ್ಟಿನಲ್ಲೇ ಆಟ ಕಲಿತೆ. ಶನಿವಾರ ಒಂಬತ್ತರ ಜೋಡಿ ಬಂತು, ಚೆಕ್ ಅಂದೆ. ಹತ್ತರ ಜೋಡಿ ಬಂತು, ಅದಕ್ಕೂ ಚೆಕ್ ಅಂದೆ. ಒರಿಸ್ಸಾದ ಹುಡುಗಿ ಏನೂ ಇಲ್ಲದೆ ಕಟ್ಟಿದಳು, ಸರಿಗಟ್ಟಿ ಗೆದ್ದೆ. ಸುಮ್ಮನಿರುವ ವಿದ್ಯೆ ನನಗೆ ಮೊದಲೇ ಚೆನ್ನಾಗಿ ಬರುತ್ತಿತ್ತು, ಅದಕ್ಕೆ ಇಷ್ಟು ಬೆಲೆ ಇದೆ ಅಂತ ತಿಳಿದಿರಲಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ನಾನು ಕಟ್ಟಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಎಲೆ ಬಿಡುವಂತಾಯಿತು. "ಮೇಡಂ ಕಟ್ಟಿದರು ಅಂದರೆ ಮುಗೀತು," ಅನ್ನುತ್ತಿದ್ದ ವರಂಗಲ್ಲಿನವನು. ನನಗೆ ಒಳಗೆ ಹಿಗ್ಗಾಗುತ್ತಿತ್ತು. ಲಿಂಗಸೂರಿನವನು ನನ್ನನ್ನು ತೋರಿಸಿ, "ಗುರುವಿಗೇ ತಿರುಮಂತ್ರ ನೋಡ್ರಿ," ಅಂತ ನಗಾಡುತ್ತಿದ್ದ.

ಊಟದ ಸರದಿ ಅವರಿಗೆ ಹೋಯಿತು. ವರಂಗಲ್ಲಿನವನು ಹೋಟೆಲಿನಿಂದ ಬಿರಿಯಾನಿ ತರಿಸಿದ, ನನಗೋಸ್ಕರ ಬೇರೆ ಡಬ್ಬಿಯಲ್ಲಿ ತರಕಾರಿಯದು. ಡಬ್ಬಿಯಲ್ಲೇ ಪ್ಲಾಸ್ಟಿಕ್ ಚಮಚದಲ್ಲಿ ತಿಂದು, ಡಬ್ಬಿಯನ್ನು ಚೀಲಕ್ಕೆ ಹಾಕಿ ಬಾಗಿಲ ಹೊರಗಿಟ್ಟೆವು. ಹತ್ತು ನಿಮಿಷದ ಕೆಲಸ. ಮುಂದಿನ ವಾರ ಹುಡುಗಿ ಪಿಜ್ಜಾ ತರಿಸಿದಳು. ಯಾರೂ ಇನ್ನೊಂದು ಬೇಕು ಅನ್ನಲಿಲ್ಲ, ಯಾರೂ ಡಬ್ಬಿ ಸವರಲಿಲ್ಲ. ಹಿಂದೆ ನನ್ನ ಊಟ ಒಂದು ತಾಸು ಹಿಡಿಯುತ್ತಿತ್ತು, ಆ ತಾಸಿನಲ್ಲೇ ಎಲ್ಲರ ಮನೆಯ ಮಾತೂ ಬರುತ್ತಿತ್ತು. ಈಗ ನೇರ ಆಟಕ್ಕೆ ಕೂರುತ್ತಿದ್ದೆವು. ಆಟವೂ ಚಪ್ಪೆಯಾಯಿತು. ಮೊದಲು ನಾನು ಕಟ್ಟಿದರೆ ಗದ್ದಲ, ಎಲೆ ತೋರಿಸುವಾಗ ಚಪ್ಪಾಳೆ. ಈಗ ನಾನು ಚೆಕ್, ಅವರೂ ಚೆಕ್, ಕೊನೆಗೆ ಎರಡೋ ಮೂರೋ ಬಿಲ್ಲೆ ಯಾರಿಗೋ ಹೋಗುತ್ತಿದ್ದವು.

ಆಮೇಲೆ ಒಂದು ಶನಿವಾರ ಹುಡುಗಿಗೆ ತಲೆನೋವು ಬಂತು. ಇನ್ನೊಂದು ಶನಿವಾರ ವರಂಗಲ್ಲಿನವನಿಗೆ ಸಿನಿಮಾ ಇತ್ತು. ಮೂರನೆಯದಕ್ಕೆ ಯಾರೂ ಕಾರಣವನ್ನೇ ಹೇಳಲಿಲ್ಲ. ಮೂರು ವಾರ ನಾನು ಮನೆಯಲ್ಲಿ ಕೂತೆ. ಹೀಗೇ ಬಿಟ್ಟರೆ ಆಟ ನಿಂತೇ ಹೋಗುತ್ತದೆ ಅಂತ ತಿಳಿಯಿತು. ನಾನು ಕಳೆದುಕೊಳ್ಳಲು ಹೊರಟಿದ್ದು ಆಟವನ್ನಲ್ಲ, ನಾನು ಮಾಡಿದ್ದನ್ನು ಕೂತು ಉಣ್ಣುವ ಮೂರು ಜನರನ್ನು ಅಂತಲೂ ತಿಳಿಯಿತು. ಈ ಊರಿನಲ್ಲಿ ನನಗೆ ಇದ್ದದ್ದು ಅವರಷ್ಟೇ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಅಂದುಕೊಂಡೆ.

ನಾಲ್ಕನೇ ಶನಿವಾರ ಆಟ ಇದೆ ಅಂದರು. ನಾನು ಸೋಲಲೇಬೇಕು ಅಂತ ನಿಶ್ಚಯ ಮಾಡಿಕೊಂಡು ಹೋದೆ. ಬಿಲ್ಲೆಯನ್ನೆಲ್ಲ ಕಣ್ಣು ಮುಚ್ಚಿ ನಡುವೆ ನೂಕಿದ್ದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹಾಗೆ ಮಾಡಿದರೆ ಅವರಿಗೆ ತಿಳಿಯುತ್ತಿತ್ತು. ಭಿಕ್ಷೆ ಹಾಕಿದಂತೆ ಸೋಲಲು ನನಗೆ ಇಷ್ಟವಿರಲಿಲ್ಲ. ಹಿಂದೆ ಸೋಲುತ್ತಿದ್ದೆನಲ್ಲ, ಹಾಗೇ ಸೋಲಬೇಕಿತ್ತು. ನಡುಮಟ್ಟದ ಎಲೆಗೆ ಜೋರಾಗಿ ಕಟ್ಟುವುದು, ದೊಡ್ಡ ಎಲೆಯವರು ಬಂದು ಹೊಡೆಯುವುದು, ಅಷ್ಟೇ.

ಎಂಟರ ಜೋಡಿ ಬಂತು. ನಡುವೆ ಗುಲಾಮ, ಐದು, ಎರಡು ತೆರೆದಿದ್ದವು. ಯಾರ ಕೈಯಲ್ಲಾದರೂ ಒಬ್ಬ ಗುಲಾಮ ಇದ್ದರೆ ನಾನು ಸೋತೆ. ಇಂಥದ್ದಕ್ಕೇ ಕಾಯುತ್ತಿದ್ದೆ. ನನ್ನ ಮುಂದಿನ ಬಿಲ್ಲೆಗಳಲ್ಲಿ ಅರ್ಧಕ್ಕರ್ಧ ನಡುವೆ ಇಟ್ಟೆ. ಲಿಂಗಸೂರಿನವನು ಎಲೆ ಬಿಟ್ಟ. ವರಂಗಲ್ಲಿನವನು ಬಿಟ್ಟ. ಹುಡುಗಿ ಬಹಳ ಹೊತ್ತು ಯೋಚಿಸಿದಳು. ಸರಿಗಟ್ಟು ತಾಯಿ, ಸರಿಗಟ್ಟು ಅಂತ ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಆಮೇಲೆ ಅವಳು ನಿಟ್ಟುಸಿರು ಬಿಟ್ಟು ತನ್ನ ಎಲೆಯನ್ನು ಮೇಲೆ ಮಾಡಿ ಇಟ್ಟಳು. ಅದರಲ್ಲಿ ಕಳಾವರ ಗುಲಾಮ ಇದ್ದ.

"ಜೋಡಿ ಆಗಿತ್ತು," ಅಂದಳು. "ಆದರೆ ನೀವು ಕಟ್ಟಿದಿರಲ್ಲ ಮೇಡಂ."

ಬಿಲ್ಲೆಗಳನ್ನು ನನ್ನ ಕಡೆ ತಳ್ಳಿದಳು. ನಾನು ನನ್ನ ಎಂಟುಗಳನ್ನು ತೋರಿಸದೆ ಕಟ್ಟಿನೊಳಗೆ ಸೇರಿಸಿದೆ. ಆ ಮಧ್ಯಾಹ್ನ ಉದ್ದಕ್ಕೂ ಹೀಗೇ ಆಯಿತು. ಆರರ ಜೋಡಿಗೆ ಕಟ್ಟಿದೆ, ಎಲ್ಲರೂ ಬಿಟ್ಟರು. ಒಂದು ಸಲ ಏನೂ ಇಲ್ಲದೆ ಕಟ್ಟಿದೆ, ಆಗಲೂ ಬಿಟ್ಟರು. ಎರಡು ತಿಂಗಳು ಕಷ್ಟಪಟ್ಟು ಗಳಿಸಿದ ಹೆಸರು, ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆಯೇ? ಸಂಜೆ ನನ್ನ ಮುಂದೆ ಎಂದೂ ಇಲ್ಲದಷ್ಟು ಬಿಲ್ಲೆ ಇದ್ದವು. ಸೋತವಳು ಆ ಹುಡುಗಿ.

ಎಲೆ ಪೆಟ್ಟಿಗೆಗೆ ಸೇರಿದ ಮೇಲೆ ನಾನು ಬಾಯಿಬಿಟ್ಟೆ. "ಮುಂದಿನ ವಾರ ಊಟ ನಾನ ತರ್ತೀನಿ. ರೊಟ್ಟಿ ತಿಂದು ಭಾಳ ದಿನ ಆತಲ್ಲ."

"ಛೇ, ಬ್ಯಾಡ್ರಿ ಅಕ್ಕಾರ," ಅಂದ ಲಿಂಗಸೂರಿನವನು. "ಗೆದ್ದವ್ರು ಯಾಕ ತರಬೇಕ್ರಿ? ಮೊದಲ ನಿಮಗ ಭಾಳ ತ್ರಾಸ ಕೊಟ್ಟೀವಿ. ವಾರಕ್ಕೆರಡು ದಿನ ರಜಾ, ಅದರಾಗ ಒಂದಿನ ನಮಗ ರೊಟ್ಟಿ ಬಡಿಯೋದ್ರಾಗ ಹೋಗಾಕತ್ತೈತಿ, ಪಾಪ, ಬಾಯಿಬಿಟ್ಟು ಹೇಳಂಗಿಲ್ಲ ಅಂತ ನಾವು ಮೂರೂ ಮಂದಿ ಮಾತಾಡ್ಕೊಂಡ್ವಿ. ಅದಕ್ಕ ನಾ ನಿಮಗ ಆಟ ಕಲಿಸಿದ್ದು."

ಅವನು ಪ್ರೀತಿಯಿಂದಲೇ ಹೇಳಿದ. ಉಳಿದಿಬ್ಬರೂ ಅವನು ಏನು ಹೇಳಿದ ಅಂತ ಊಹಿಸಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ನನಗೆ ಹೇಳಲು ಇದ್ದದ್ದು ಒಂದೇ ಮಾತು. ನನಗೆ ನಿಮಗೋಸ್ಕರ ಅಡುಗೆ ಮಾಡುವುದು ಬೇಕು, ಗೆದ್ದರೂ ಸೋತರೂ ಆಟವೇ ಇಲ್ಲದಿದ್ದರೂ ಬೇಕು, ವಾರದಲ್ಲಿ ನಾನು ಮನುಷ್ಯಳ ಹಾಗೆ ಇರುವುದು ಆ ಒಂದು ದಿನ. ಅಷ್ಟು ಹೇಳಿದ್ದರೆ ಸಾಕಿತ್ತು, ಅವರು ಇಲ್ಲವೆನ್ನುವ ಮಕ್ಕಳಲ್ಲ.

"ತ್ರಾಸೇನಿರಲಿಲ್ಲಪಾ," ಅಂದೆ.

"ನೀವು ಹಂಗ ಅಂತೀರಿ ಬಿಡ್ರಿ," ಅಂದ ಅವನು, ಮತ್ತು ನನಗೋಸ್ಕರ ಬಾಗಿಲು ತೆರೆದು ಹಿಡಿದ.

ಮುಂದಿನ ಗುರುವಾರ ಹುಡುಗಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಹದಿನೈದು ದಿನದಲ್ಲಿ ಹೊರಡುತ್ತಾಳೆ ಅಂತ ಗೊತ್ತಾಯಿತು. ಶುಕ್ರವಾರ ಸಂಜೆ ನಾನು ರೈತು ಬಜಾರಿನಲ್ಲಿ ಬದನೆಕಾಯಿಯ ಮುಂದೆ ನಿಂತಿದ್ದಾಗ ಲಿಂಗಸೂರಿನವನ ಮೆಸೇಜು ಬಂತು. ಹುಡುಗಿ ಹೊರಡುವ ತಯಾರಿಯಲ್ಲಿದ್ದಾಳೆ, ಉಳಿದ ಮೂವರಿಗೆ ಆಟ ಸರಿಹೋಗುವುದಿಲ್ಲ, ಸದ್ಯಕ್ಕೆ ನಿಲ್ಲಿಸೋಣ, ನಿಮಗೇನೂ ಬೇಜಾರಿಲ್ಲ ತಾನೆ ಅಂತ ಕೇಳಿದ್ದ. ನಾನು ಅಲ್ಲೇ ನಿಂತು, ಬೇಜಾರೇನಿಲ್ಲ ಅಂತ ಉತ್ತರ ಕಳಿಸಿದೆ.